ತಂದೆಯ ಸೋರಿಯಾಸಿಸ್, ನನ್ನ ಸೋರಿಯಾಸಿಸ್, ಮುಂದೆ ಹುಟ್ಟುವ ಮಗು: ವಂಶವಾಹಿ ಪರೀಕ್ಷೆಯಿಂದ ಏನು ತಿಳಿಯುತ್ತದೆ?

ಇಬ್ಬನಿ (ಪ್ರಶ್ನೆ)

ಸೋರಿಯಾಸಿಸ್ ತಲೆಮಾರಿನಿಂದ ತಲೆಮಾರಿಗೆ ಹರಿಯುವ ಬಗೆಯನ್ನು ಬಲ್ಲವರು ಇಲ್ಲಿ ಇರಬಹುದೆಂಬ ನಂಬಿಕೆಯಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ನನಗೆ ಹದಿನೇಳನೆಯ ವಯಸ್ಸಿನಲ್ಲಿ ತೀವ್ರವಾದ ಗಂಟಲು ನೋವು ಮತ್ತು ಜ್ವರ ಬಂದು, ಅದು ವಾಸಿಯಾದ ಕೆಲವು ವಾರಗಳ ಬಳಿಕ ಬೆನ್ನು, ಹೊಟ್ಟೆ ಮತ್ತು ತೋಳುಗಳ ತುಂಬ ಹನಿ ಸಿಡಿದಂತೆ ಸಣ್ಣ ಸಣ್ಣ ಕೆಂಪು ಕಲೆಗಳು ಎದ್ದವು. ಅವು ತಾವಾಗಿಯೇ ಮಾಸಿದವಾದರೂ, ಮುಂದಿನ ವರ್ಷಗಳಲ್ಲಿ ಮೊಣಕೈ, ಮೊಣಕಾಲು ಮತ್ತು ನೆತ್ತಿಯ ಮೇಲೆ ಬಿಳಿಯ ಹೊಟ್ಟೇಳುವ ದಪ್ಪ ಕಲೆಗಳಾಗಿ ಕಾಯಿಲೆ ನೆಲೆನಿಂತಿತು. ಈಗ ನನಗೆ ಮೂವತ್ತು ವರ್ಷ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಯಿಂದ ಬಹುಮಟ್ಟಿಗೆ ಹತೋಟಿಯಲ್ಲಿದೆ.

ನನ್ನ ತಂದೆಗೂ ಸೋರಿಯಾಸಿಸ್ ಇದೆ ಎಂದು ಹೇಳಲಾಗಿದೆ. ಆದರೆ ಅವರಿಗೆ ಅದು ಬಂದದ್ದು ಐವತ್ತೈದು ದಾಟಿದ ಮೇಲೆ, ಅದೂ ಅಂಗೈ ಮತ್ತು ಅಂಗಾಲುಗಳಲ್ಲಿ ಮಾತ್ರ. ತಾಯಿಗೆ ಇಲ್ಲ, ಅಣ್ಣನಿಗೂ ಇಲ್ಲ. ಹೀಗಾಗಿ ಕಾಯಿಲೆ ತಂದೆಯ ಕಡೆಯಿಂದಲೇ ಬಂದದ್ದೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ, ಅವರೂ ಅದನ್ನು ತಮ್ಮ ತಪ್ಪೆಂಬಂತೆ ಹೊತ್ತುಕೊಂಡಿದ್ದಾರೆ.

ನಾವು ದಂಪತಿಗಳು ಮಗುವಿನ ಬಗ್ಗೆ ಯೋಚಿಸುತ್ತಿದ್ದೇವೆ. ನನ್ನ ಪತಿಗಾಗಲಿ ಅವರ ಹತ್ತಿರದ ಸಂಬಂಧಿಕರಿಗಾಗಲಿ ಈ ಕಾಯಿಲೆ ಇಲ್ಲ. ಸೋರಿಯಾಸಿಸ್‌ನಲ್ಲಿ ಅನುವಂಶಿಕತೆಯ ಪಾಲು ಶೇ 68 ಎಂದು ಒಂದು ಕಡೆ ಓದಿದೆ. ಹಾಗಾದರೆ ನನ್ನ ಮಗುವಿಗೆ ಅದು ಬರುವ ಸಾಧ್ಯತೆಯೂ ಶೇ 68 ಎಂದೇ ಅರ್ಥವೇ? ಎಚ್‌ಎಲ್‌ಎ-ಸಿ ಎಂಬ ವಂಶವಾಹಿಯ ಪರೀಕ್ಷೆ ಮಾಡಿಸಿಕೊಂಡರೆ ಎಲ್ಲವೂ ಸ್ಪಷ್ಟವಾಗುತ್ತದೆಂದು ಪರಿಚಿತರೊಬ್ಬರು ಹೇಳಿದರು. ಪರೀಕ್ಷೆಯ ಫಲಿತಾಂಶ ಇಲ್ಲವೆಂದು ಬಂದರೆ ನಾನು ನಿಶ್ಚಿಂತೆಯಿಂದ ಇರಬಹುದೇ, ಇದೆಯೆಂದು ಬಂದರೆ ಏನು ಮಾಡಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ತಂತು (ಉತ್ತರ)

ನಾನು ಮಾನವ ತಳಿಶಾಸ್ತ್ರವನ್ನು ಪಾಠ ಮಾಡುವವನು, ವೈದ್ಯನಲ್ಲ. ಚಿಕಿತ್ಸೆಯ ವಿಷಯಕ್ಕೆ ಕೈಹಾಕದೆ ಅನುವಂಶಿಕತೆಯ ಭಾಗವನ್ನಷ್ಟೇ ವಿವರಿಸುತ್ತೇನೆ.

ಶೇ 68 ಎಂಬ ಅಂಕಿ ಡೆನ್ಮಾರ್ಕಿನ ಅವಳಿಗಳ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ್ದು. ಅದು ಯಾವುದೇ ಒಂದು ಮಗುವಿಗೆ ಕಾಯಿಲೆ ಬರುವ ಸಾಧ್ಯತೆಯನ್ನು ಹೇಳುವುದಿಲ್ಲ. ಒಂದು ಜನಸಮುದಾಯದಲ್ಲಿ ಕೆಲವರಿಗೆ ಸೋರಿಯಾಸಿಸ್‌ನತ್ತ ಒಲವು ಹೆಚ್ಚು, ಕೆಲವರಿಗೆ ಕಡಿಮೆ ಇರುತ್ತದಲ್ಲವೇ, ಆ ವ್ಯತ್ಯಾಸದಲ್ಲಿ ಎಷ್ಟು ಪಾಲನ್ನು ವಂಶವಾಹಿಗಳ ವ್ಯತ್ಯಾಸದಿಂದ ವಿವರಿಸಬಹುದು ಎಂಬುದಷ್ಟೇ ಅದರ ತಾತ್ಪರ್ಯ. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಗೊಂದಲ ತಾನಾಗಿ ಕರಗುತ್ತದೆ: ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಸೋರಿಯಾಸಿಸ್ ಇದ್ದಾಗ ಇನ್ನೊಬ್ಬರಿಗೂ ಇರುವ ಸಾಧ್ಯತೆ ಶೇ 33, ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಶೇ 17. ಮೊದಲನೆಯ ಬಗೆಯ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೂ ಮೂರರಲ್ಲಿ ಎರಡು ಜೋಡಿಗಳಷ್ಟು ಕಡೆ ಎರಡನೆಯವರು ಕಾಯಿಲೆಯಿಲ್ಲದೆ ಇದ್ದಾರೆ. ವಂಶವಾಹಿಯೇ ಸರ್ವಸ್ವವಾಗಿದ್ದರೆ ಇದು ಸಾಧ್ಯವಿರಲಿಲ್ಲ. ವಂಶವಾಹಿಗೆ ಏನೂ ಪಾತ್ರವಿಲ್ಲದಿದ್ದರೆ ಎರಡು ಬಗೆಯ ಅವಳಿಗಳ ನಡುವೆ ಅಂತರವೇ ಇರುತ್ತಿರಲಿಲ್ಲ.

ನಿಮ್ಮ ಮಗುವಿನ ಪ್ರಶ್ನೆಗೆ ನೇರವಾಗಿ ಹತ್ತಿರವಾಗುವ ಅಂಕಿಗಳು ಕುಟುಂಬಗಳ ಅಧ್ಯಯನಗಳಿಂದ ಬಂದವು. ತಂದೆತಾಯಿಯರಲ್ಲಿ ಒಬ್ಬರಿಗೆ ಮಾತ್ರ ಸೋರಿಯಾಸಿಸ್ ಇದ್ದರೆ ಮಗುವಿಗೆ ಜೀವಮಾನದಲ್ಲಿ ಎಂದಾದರೂ ಬರುವ ಸಾಧ್ಯತೆ ಸುಮಾರು ಶೇ 14 ಎಂದೂ, ಇಬ್ಬರಿಗೂ ಇದ್ದರೆ ಸುಮಾರು ಶೇ 41 ಎಂದೂ ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ತಂದೆತಾಯಿಯರಿಗೆ ಇಲ್ಲದೆ ಒಬ್ಬ ಒಡಹುಟ್ಟಿದವರಿಗೆ ಮಾತ್ರ ಇದ್ದರೆ ಅದು ಸುಮಾರು ಶೇ 6ಕ್ಕೆ ಇಳಿಯುತ್ತದೆ. ಇವು ಬಹುಪಾಲು ಯುರೋಪ್ ಮೂಲದ ಕುಟುಂಬಗಳಿಂದ ಬಂದ ಹಳೆಯ ಅಂಕಿಗಳು, ಹೀಗಾಗಿ ದಶಾಂಶದ ಮಟ್ಟದ ನಿಖರತೆಯನ್ನು ಅವುಗಳಿಂದ ನಿರೀಕ್ಷಿಸಬಾರದು. ಆದರೂ ನಿಮ್ಮ ಮಗುವಿಗೆ ಕಾಯಿಲೆ ಬಾರದೇ ಇರುವ ಸಾಧ್ಯತೆಯೇ ಬಹಳ ಹೆಚ್ಚು ಎಂಬ ಮುಖ್ಯ ಸಂಗತಿಯನ್ನು ಅವು ಎತ್ತಿ ತೋರಿಸುತ್ತವೆ.

ಈ ಕಾಯಿಲೆ ಕುಟುಂಬಗಳಲ್ಲಿ ಗುಂಪಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಹೊಸ ಸಂಗತಿಯಲ್ಲ. ಗುನ್ನಾರ್ ಲೊಮ್‌ಹೋಲ್ಟ್ ಎಂಬ ವೈದ್ಯರು ಫೇರೋ ದ್ವೀಪಗಳ ಜನರನ್ನು ಪರೀಕ್ಷಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಶೇ 2.8ರಷ್ಟು ಮಂದಿಗೆ ಸೋರಿಯಾಸಿಸ್ ಇದ್ದದ್ದು ಕಂಡುಬಂದಿತ್ತು, ಮತ್ತು ರೋಗಿಗಳಲ್ಲಿ ಬಹುಪಾಲು ಜನರಿಗೆ ಅದೇ ಕಾಯಿಲೆಯಿರುವ ರಕ್ತಸಂಬಂಧಿಗಳಿದ್ದರು. ಆದರೆ ಒಂದೇ ವಂಶವಾಹಿಯಿಂದ ಬರುವ ಕಾಯಿಲೆಗಳಲ್ಲಿ ಕಾಣುವ ಅರ್ಧಕ್ಕರ್ಧ ಅಥವಾ ಕಾಲುಭಾಗದ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಅದಕ್ಕೆ ಕಾರಣ ಈಗ ತಿಳಿದಿದೆ. ಸೋರಿಯಾಸಿಸ್‌ನೊಂದಿಗೆ ನಂಟಿರುವ ತಾಣಗಳು ನಮ್ಮ ವರ್ಣತಂತುಗಳಲ್ಲಿ ನೂರಕ್ಕೂ ಹೆಚ್ಚು ಪತ್ತೆಯಾಗಿವೆ. ಅವುಗಳಲ್ಲಿ ಹೆಚ್ಚಿನವು ಅಪಾಯವನ್ನು ಅತ್ಯಲ್ಪವಾಗಿ ಮಾತ್ರ ಏರಿಸುತ್ತವೆ ಅಥವಾ ಇಳಿಸುತ್ತವೆ.

ಇವುಗಳಲ್ಲಿ ಎದ್ದು ಕಾಣುವುದು ಒಂದೇ, ಅದು ನಿಮ್ಮ ಪರಿಚಿತರು ಹೇಳಿದ ಎಚ್‌ಎಲ್‌ಎ-ಸಿ. ಆರನೆಯ ವರ್ಣತಂತುವಿನಲ್ಲಿರುವ ಈ ವಂಶವಾಹಿಗೆ ಅನೇಕ ರೂಪಾಂತರಗಳಿದ್ದು, ಅವುಗಳಲ್ಲಿ ಎಚ್‌ಎಲ್‌ಎ-ಸಿ*06:02 ಎಂಬ ರೂಪವೇ ಸೋರಿಯಾಸಿಸ್‌ಗೆ ಹತ್ತಿರದ್ದು. ಈ ನಂಟಿನ ಮೊದಲ ಸುಳಿವು 1970ರ ದಶಕದ ಆರಂಭದಲ್ಲೇ ಸಿಕ್ಕಿತ್ತು. ಕಾಯಿಲೆಯ ಅನುವಂಶಿಕ ಪಾಲಿನಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಈ ಒಂದೇ ಪ್ರದೇಶಕ್ಕೆ ಸಲ್ಲುತ್ತದೆಂದು ಅಂದಾಜು. ಎಚ್‌ಎಲ್‌ಎ-ಸಿ ತಯಾರಿಸುವ ಪ್ರೋಟೀನು ಜೀವಕೋಶದ ಹೊರಮೈಯಲ್ಲಿ ನಿಂತು, ಒಳಗಿನ ಪ್ರೋಟೀನುಗಳ ತುಣುಕುಗಳನ್ನು ರೋಗನಿರೋಧಕ ಟಿ ಕೋಶಗಳ ಮುಂದೆ ಹಿಡಿಯುತ್ತದೆ. ಯಾವ ತುಣುಕು ಅದರ ಹಿಡಿತಕ್ಕೆ ಸರಿಯಾಗಿ ಕೂರುತ್ತದೆ ಎಂಬುದು ರೂಪಾಂತರದಿಂದ ರೂಪಾಂತರಕ್ಕೆ ಬದಲಾಗುತ್ತದೆ. 06:02 ರೂಪವು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿನ ಎಡಿಎಎಂಟಿಎಸ್‌ಎಲ್5 ಎಂಬ ಪ್ರೋಟೀನಿನ ತುಣುಕನ್ನು ಹೀಗೆ ಹಿಡಿದು ತೋರಿಸಿ, ದೇಹದ ಸ್ವಂತ ಕೋಶದ ವಿರುದ್ಧವೇ ಟಿ ಕೋಶಗಳನ್ನು ಕೆರಳಿಸಬಲ್ಲದೆಂದು 2015ರಲ್ಲಿ ತೋರಿಸಲಾಯಿತು.

ಇಲ್ಲಿ ಇನ್ನೊಂದು ಸೊಗಸಾದ ಸಂಗತಿಯಿದೆ. ಆ ತುಣುಕುಗಳನ್ನು ಸರಿಯಾದ ಉದ್ದಕ್ಕೆ ಕತ್ತರಿಸುವ ಇಆರ್‌ಎಪಿ1 ಎಂಬ ಕಿಣ್ವದ ವಂಶವಾಹಿಯೂ ಸೋರಿಯಾಸಿಸ್‌ನೊಂದಿಗೆ ನಂಟು ಹೊಂದಿದೆ. ಆದರೆ 2010ರ ಒಂದು ದೊಡ್ಡ ಅಧ್ಯಯನದಲ್ಲಿ ಅದರ ಪ್ರಭಾವ ಕಂಡುಬಂದದ್ದು ಎಚ್‌ಎಲ್‌ಎ-ಸಿ ಅಪಾಯದ ರೂಪವನ್ನೂ ಹೊಂದಿದವರಲ್ಲಿ ಮಾತ್ರ. ಒಂದರ ಫಲ ಇನ್ನೊಂದರ ಇರುವಿಕೆಯನ್ನು ಅವಲಂಬಿಸುವಾಗ, ಬಿಡಿ ಬಿಡಿಯಾಗಿ ವಂಶವಾಹಿಗಳನ್ನು ಪರೀಕ್ಷಿಸಿ ಕೂಡಿಸುವ ಲೆಕ್ಕಕ್ಕೆ ಹೆಚ್ಚು ಬೆಲೆ ಕೊಡುವುದು ಕಷ್ಟ.

ಇಷ್ಟು ಪ್ರಬಲವಾದ ವಂಶವಾಹಿಯ ಪರೀಕ್ಷೆಯಿಂದ ಏನು ತಿಳಿಯುತ್ತದೆ ಎಂದು ಕೇಳಿದಿರಿ. ಮುನ್ಸೂಚನೆಯ ದೃಷ್ಟಿಯಿಂದ ತೀರ ಕಡಿಮೆ. 06:02 ರೂಪ ಇರುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ ಸೋರಿಯಾಸಿಸ್ ಬರುತ್ತದೆ, ಉಳಿದವರು ಅದನ್ನು ಹೊತ್ತುಕೊಂಡೇ ಆರೋಗ್ಯವಾಗಿ ಬಾಳುತ್ತಾರೆ. ಇನ್ನೊಂದು ಕಡೆ, ಸೋರಿಯಾಸಿಸ್ ಇರುವ ಅನೇಕರಲ್ಲಿ, ವಿಶೇಷವಾಗಿ ತಡವಾಗಿ ಬಂದವರಲ್ಲಿ, ಆ ರೂಪವೇ ಇರುವುದಿಲ್ಲ. ಹೀಗಾಗಿ ಇದೆಯೆಂಬ ಫಲಿತಾಂಶ ಭಯಕ್ಕೆ ಕಾರಣವಲ್ಲ, ಇಲ್ಲವೆಂಬ ಫಲಿತಾಂಶ ನಿಶ್ಚಿಂತೆಗೆ ಆಧಾರವಲ್ಲ.

ಕೊನೆಯದಾಗಿ ನಿಮ್ಮ ತಂದೆಯ ವಿಷಯ. 1985ರಲ್ಲಿ ಹೆನ್ಸೆಲರ್ ಮತ್ತು ಕ್ರಿಸ್ಟೋಫರ್ಸ್ ಎಂಬ ಜರ್ಮನ್ ಸಂಶೋಧಕರು ಸೋರಿಯಾಸಿಸ್ ಅನ್ನು ನಲವತ್ತರ ಒಳಗೆ ಶುರುವಾಗುವುದು ಮತ್ತು ಅದರ ನಂತರ ಶುರುವಾಗುವುದು ಎಂದು ಎರಡಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಕುಟುಂಬದ ಹಿನ್ನೆಲೆ ಮತ್ತು ಎಚ್‌ಎಲ್‌ಎ-ಸಿ*06:02 ಎರಡೂ ಹೆಚ್ಚು, ಎರಡನೆಯದರಲ್ಲಿ ಎರಡೂ ಕಡಿಮೆ. ಗಂಟಲಿನ ಸೋಂಕಿನ ಬೆನ್ನಿಗೆ ಹದಿಹರೆಯದಲ್ಲಿ ಹನಿ ಹನಿಯಾಗಿ ಎದ್ದ ನಿಮ್ಮ ಕಾಯಿಲೆ ಮೊದಲನೆಯ ಗುಂಪಿನ ಅಚ್ಚೊತ್ತಿದ ಚಿತ್ರಣ. ನಿಮ್ಮ ತಂದೆಯದು ಹಾಗಿಲ್ಲ. ಆ ರೂಪಾಂತರ ನಿಮ್ಮಲ್ಲಿ ಇರುವುದೇ ಆದರೆ, ಅದು ಕಾಯಿಲೆಯೇ ಇಲ್ಲದ ನಿಮ್ಮ ತಾಯಿಯಿಂದ ಬಂದಿರುವ ಸಾಧ್ಯತೆಯೂ ಇದೆ. ಅದರ ಜೊತೆಗೆ ಇಬ್ಬರ ಕಡೆಯಿಂದಲೂ ಬಂದ ಹತ್ತಾರು ಸಣ್ಣ ರೂಪಾಂತರಗಳು ಸೇರಿರುತ್ತವೆ. ಯಾರ ಕಡೆಯಿಂದ ಬಂತು ಎಂಬ ಪ್ರಶ್ನೆಗೆ ಈ ಕಾಯಿಲೆಯಲ್ಲಿ ಒಂದು ಹೆಸರಿನ ಉತ್ತರ ಸಿಗುವುದಿಲ್ಲ.

ಹೊಂಗೆನೆರಳು (ಉತ್ತರ)

ತಂತು ಅವರ ವಿವರಣೆ ಸಾಮಾನ್ಯ ಸೋರಿಯಾಸಿಸ್‌ಗೆ ಪೂರ್ತಿಯಾಗಿ ಸಲ್ಲುತ್ತದೆ. ಆದರೆ ಒಂದೇ ವಂಶವಾಹಿ ಎಲ್ಲವನ್ನೂ ನಿರ್ಧರಿಸುವ ವಿರಳ ಬಗೆಗಳೂ ಇವೆಯೆಂಬುದನ್ನು ಸೇರಿಸಬೇಕೆನಿಸಿತು, ಏಕೆಂದರೆ ನಮ್ಮ ಕುಟುಂಬದಲ್ಲಿ ಇರುವುದು ಅಂಥದ್ದು. ನನ್ನ ತಂಗಿಗೆ ಮೈಯೆಲ್ಲ ಕೆಂಪಾಗಿ, ಸಾಸಿವೆ ಕಾಳಿನಷ್ಟು ಕೀವುಗುಳ್ಳೆಗಳು ಒಟ್ಟೊಟ್ಟಾಗಿ ಎದ್ದು, ತೀವ್ರ ಜ್ವರ ಬರುವ ಬಗೆಯ ಸೋರಿಯಾಸಿಸ್ ಇದೆ. ಮೊದಲು ಅದನ್ನು ಸೋಂಕೆಂದು ಭಾವಿಸಿ ಚಿಕಿತ್ಸೆ ನಡೆದಿತ್ತು. ಬಳಿಕ ವಂಶವಾಹಿ ಪರೀಕ್ಷೆಯಲ್ಲಿ ಐಎಲ್36ಆರ್‌ಎನ್ ಎಂಬ ವಂಶವಾಹಿಯ ಎರಡೂ ಪ್ರತಿಗಳಲ್ಲಿ ದೋಷವಿರುವುದು ತಿಳಿಯಿತು.

ಇಂಟರ್‌ಲ್ಯೂಕಿನ್-36 ಎಂಬ ಉರಿಯೂತದ ಸಂದೇಶವಾಹಕಕ್ಕೆ ಕಡಿವಾಣ ಹಾಕುವ ಪ್ರೋಟೀನನ್ನು ಈ ವಂಶವಾಹಿ ತಯಾರಿಸುತ್ತದೆ. ಕಡಿವಾಣವೇ ಇಲ್ಲದಾಗ ಚರ್ಮದ ಉರಿಯೂತ ಎಲ್ಲೆ ಮೀರುತ್ತದೆ. ಟ್ಯುನೀಷಿಯಾದ ಕೆಲವು ಕುಟುಂಬಗಳ ಅಧ್ಯಯನದಿಂದ 2011ರಲ್ಲಿ ಇದು ಬೆಳಕಿಗೆ ಬಂತು, ಇಂಟರ್‌ಲ್ಯೂಕಿನ್-36ರ ಗ್ರಾಹಕವನ್ನು, ಅಂದರೆ ಆ ಸಂದೇಶವನ್ನು ಸ್ವೀಕರಿಸುವ ಕೋಶದ ಪ್ರೋಟೀನನ್ನು, ತಡೆಯುವ ಸ್ಪೆಸೊಲಿಮ್ಯಾಬ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಹನ್ನೊಂದು ವರ್ಷಗಳಲ್ಲಿ ವಂಶವಾಹಿಯಿಂದ ಔಷಧದವರೆಗೆ ಬಂದದ್ದು ನಮ್ಮಂಥವರಿಗೆ ಸಣ್ಣ ಸಂಗತಿಯಲ್ಲ.

ಇಲ್ಲಿ ಶಾಲೆಯಲ್ಲಿ ಕಲಿತ ಲೆಕ್ಕವೇ ನಡೆಯುತ್ತದೆ. ನನ್ನ ತಂದೆತಾಯಿ ಇಬ್ಬರಲ್ಲೂ ದೋಷವಿರುವ ಪ್ರತಿ ಒಂದೊಂದೇ ಇದ್ದು, ಇಬ್ಬರೂ ಆರೋಗ್ಯವಾಗಿದ್ದಾರೆ. ಅವರ ಪ್ರತಿ ಮಗುವಿಗೂ ಎರಡೂ ದೋಷಪ್ರತಿಗಳು ಸೇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದರೆ ಇಂಥ ಕೀವುಗುಳ್ಳೆಯ ಸೋರಿಯಾಸಿಸ್ ಇರುವ ಎಲ್ಲರಲ್ಲೂ ಈ ದೋಷ ಕಾಣುವುದಿಲ್ಲವೆಂದು, ಹೆಚ್ಚಿನವರಲ್ಲಿ ಕಾಣುವುದೇ ಇಲ್ಲವೆಂದು ನಮ್ಮ ವೈದ್ಯರು ಹೇಳಿದ್ದಾರೆ. ಇಬ್ಬನಿ ಅವರ ವಿವರಣೆಯಲ್ಲಿ ಇದರ ಯಾವ ಲಕ್ಷಣವೂ ಇಲ್ಲ, ಆದ್ದರಿಂದ ಇದನ್ನು ಅವರಿಗೆ ಅನ್ವಯಿಸಿಕೊಳ್ಳಬೇಕಾಗಿಲ್ಲ. ಇದೇ ಕುಟುಂಬದ ಕಾಯಿಲೆಯೆಂದು ಹುಡುಕಿಕೊಂಡು ಬರುವ ಬೇರೆ ಓದುಗರಿಗೆ ಉಪಯೋಗವಾದೀತೆಂದು ಬರೆದಿದ್ದೇನೆ.

ಒಳಪದರ (ಉತ್ತರ)

ನಾನು ಚರ್ಮರೋಗ ವೈದ್ಯೆ. ವಂಶವಾಹಿಗಳ ಮಾತು ಮುಂದುವರಿಯುವ ಮೊದಲು ಇಬ್ಬನಿ ಅವರು ನಡುವೆ ಹೇಳಿ ಬಿಟ್ಟುಬಿಟ್ಟ ಒಂದು ವಾಕ್ಯದತ್ತ ಗಮನ ಸೆಳೆಯಬೇಕಾಗಿದೆ. ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ ಎಂದರೆ ಬಹುತೇಕ ಮೆಥೊಟ್ರೆಕ್ಸೇಟ್ ಆಗಿರುತ್ತದೆ. ಅದು ಗರ್ಭಪಾತಕ್ಕೂ ಭ್ರೂಣದ ಅಂಗವಿಕಲತೆಗೂ ಕಾರಣವಾಗಬಲ್ಲ ಔಷಧ. ಗರ್ಭ ಧರಿಸುವ ಪ್ರಯತ್ನಕ್ಕೆ ಮೊದಲೇ, ಸಾಮಾನ್ಯವಾಗಿ ಕೆಲವು ತಿಂಗಳುಗಳ ಮುಂಚೆ, ಅದನ್ನು ನಿಲ್ಲಿಸಿ ಬೇರೆ ಚಿಕಿತ್ಸೆಗೆ ಬದಲಾಯಿಸಿಕೊಳ್ಳಬೇಕು, ಅಲ್ಲಿಯವರೆಗೆ ಗರ್ಭನಿರೋಧಕ ಕ್ರಮ ತಪ್ಪಬಾರದು. ನೀವಾಗಿಯೇ ನಿಲ್ಲಿಸದೆ, ಮಗುವಿನ ಯೋಚನೆ ಇದೆಯೆಂಬುದನ್ನು ಔಷಧ ಬರೆದುಕೊಟ್ಟ ವೈದ್ಯರಿಗೆ ಈಗಲೇ ತಿಳಿಸಿ. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ಎಂಬ ಇನ್ನೊಂದು ಔಷಧದ ವಿಷಯದಲ್ಲಂತೂ ನಿಲ್ಲಿಸಿದ ನಂತರವೂ ಮೂರು ವರ್ಷ ಗರ್ಭ ಧರಿಸಬಾರದೆಂಬ ಎಚ್ಚರಿಕೆ ಇದೆ. ಮಗುವಿಗೆ ಎಂದೋ ಒಂದು ದಿನ ಬರಬಹುದಾದ, ಬಂದರೂ ಚಿಕಿತ್ಸೆಗೆ ಬಗ್ಗುವ ಚರ್ಮದ ಕಾಯಿಲೆಗಿಂತ ಈ ಮಾತ್ರೆಯ ಪ್ರಶ್ನೆ ಇಂದು ನಿಮಗೆ ಹೆಚ್ಚು ತುರ್ತಿನದು.

ಎರಡನೆಯದಾಗಿ, ನಿಮ್ಮ ತಂದೆಯ ರೋಗನಿರ್ಣಯವನ್ನು ಒಮ್ಮೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಕುಟುಂಬದ ಹಿನ್ನೆಲೆ ಎಂದು ನಾವು ಬರೆದುಕೊಳ್ಳುವುದರ ಬೆಲೆ ಆ ಸಂಬಂಧಿಯ ರೋಗನಿರ್ಣಯ ಎಷ್ಟು ಸರಿಯಾಗಿದೆ ಎಂಬುದರ ಮೇಲೆ ನಿಂತಿದೆ. ಅಂಗೈ ಮತ್ತು ಅಂಗಾಲುಗಳಿಗೆ ಸೀಮಿತವಾದ ಬಿರುಕು, ಸಿಪ್ಪೆ ಏಳುವಿಕೆ ಎಸ್ಜಿಮಾ ಆಗಿರಬಹುದು, ಶಿಲೀಂಧ್ರದ ಸೋಂಕೂ ಆಗಿರಬಹುದು. ಅಲ್ಲಿ ಪದೇ ಪದೇ ಕೀವುಗುಳ್ಳೆಗಳು ಎದ್ದು, ಒಣಗಿ ಕಂದು ಚುಕ್ಕೆಗಳಾಗುತ್ತಿದ್ದರೆ ಅದು ಅಂಗೈ-ಅಂಗಾಲುಗಳ ಕೀವುಗುಳ್ಳೆ ರೋಗ ಎಂಬ ಬೇರೆಯೇ ಕಾಯಿಲೆ. ಹಿಂದೆ ಅದನ್ನು ಸೋರಿಯಾಸಿಸ್‌ನ ಒಂದು ಬಗೆಯೆಂದೇ ಎಣಿಸುತ್ತಿದ್ದರು, ಈಗಲೂ ಕೆಲವರು ಹಾಗೆ ಬರೆಯುತ್ತಾರೆ. ಆದರೆ ಎಚ್‌ಎಲ್‌ಎ-ಸಿ*06:02ಗೂ ಅದಕ್ಕೂ ನಂಟಿಲ್ಲ. ಅದು ಹೆಚ್ಚಾಗಿ ನಡುವಯಸ್ಸಿನಲ್ಲಿ ಶುರುವಾಗುತ್ತದೆ, ಮತ್ತು ಅದಕ್ಕೆ ಒಳಗಾಗುವವರಲ್ಲಿ ಧೂಮಪಾನಿಗಳ ಪ್ರಮಾಣ ಬಹಳ ಹೆಚ್ಚು.

ಎಚ್‌ಎಲ್‌ಎ-ಸಿ ಪರೀಕ್ಷೆಯನ್ನು ರೋಗಪತ್ತೆಗಾಗಲಿ ಮಗುವಿನ ಭವಿಷ್ಯ ಹೇಳುವುದಕ್ಕಾಗಲಿ ನಾನು ಬರೆದುಕೊಡುವುದಿಲ್ಲ. ಸೋರಿಯಾಸಿಸ್ ಅನ್ನು ಕಣ್ಣಿನಿಂದ ನೋಡಿ, ಸಂಶಯವಿದ್ದಲ್ಲಿ ಚರ್ಮದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಗುರುತಿಸುತ್ತೇವೆಯೇ ಹೊರತು ವಂಶವಾಹಿಯಿಂದಲ್ಲ. ಕೀಲುನೋವಿನ ವಿಷಯವನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಸೋರಿಯಾಸಿಸ್ ಇರುವವರಲ್ಲಿ ಶೇ 30ರವರೆಗೆ ಕೀಲುಗಳ ಉರಿಯೂತವೂ ಬರಬಹುದು. ಅದರ ಅನುವಂಶಿಕ ನಂಟು ಹೆಚ್ಚಾಗಿ ಎಚ್‌ಎಲ್‌ಎ-ಬಿ27ರಂಥ ಬೇರೆ ರೂಪಗಳೊಂದಿಗೆ ಇದೆ. ಆದ್ದರಿಂದ ಎಚ್‌ಎಲ್‌ಎ-ಸಿ ಪರೀಕ್ಷೆಯ ಫಲ ಏನೇ ಬರಲಿ, ಬೆಳಿಗ್ಗೆ ಎದ್ದಾಗ ಬಹಳ ಹೊತ್ತು ಕೀಲುಗಳು ಬಿಗಿದಿರುವುದು, ಬೆರಳೊಂದು ಪೂರ್ತಿ ಊದಿಕೊಳ್ಳುವುದು, ಹಿಮ್ಮಡಿ ನೋವು ಇವುಗಳನ್ನು ಅಲಕ್ಷಿಸಬೇಡಿ.

ಮಗುವಿಗೆ ಬಾರದಂತೆ ತಡೆಯಲು ಏನು ಮಾಡಬೇಕೆಂದು ಬಹಳ ತಾಯಂದಿರು ಕೇಳುತ್ತಾರೆ. ಖಚಿತವಾಗಿ ತಡೆಯುವ ಉಪಾಯ ಇಲ್ಲ. ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿಗೆ ಕಾಯಿಲೆ ಬಾಲ್ಯದಲ್ಲಿ ಅಥವಾ ಹದಿಹರೆಯದಲ್ಲೇ ಶುರುವಾಗುತ್ತದೆ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಗಂಟಲು ಸೋಂಕು, ಅತಿತೂಕ, ತಂಬಾಕಿನ ಹೊಗೆ, ಚರ್ಮಕ್ಕೆ ಆಗುವ ಗಾಯ, ಲಿಥಿಯಂನಂಥ ಕೆಲವು ಔಷಧಗಳು ಅದನ್ನು ಕೆರಳಿಸುವ ಸಂಗತಿಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ನಿಮ್ಮ ಕೈಯಲ್ಲಿರುವವನ್ನು ನೋಡಿಕೊಳ್ಳುವುದು ಯಾವ ಮಗುವಿಗಾದರೂ ಒಳ್ಳೆಯದೇ. ಆದರೆ ಹಾಗೆ ನೋಡಿಕೊಂಡೂ ಕಾಯಿಲೆ ಬಂದರೆ ಅದಕ್ಕೆ ತಾಯಿಯನ್ನು ಹೊಣೆಯಾಗಿಸುವುದು ವೈದ್ಯಶಾಸ್ತ್ರವಲ್ಲ.

ಇಬ್ಬನಿ (ಪ್ರತಿಕ್ರಿಯೆ)

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಮಾತ್ರೆ ಮೆಥೊಟ್ರೆಕ್ಸೇಟ್ ಹೌದು. ನಾವಿನ್ನೂ ಪ್ರಯತ್ನ ಆರಂಭಿಸಿಲ್ಲ, ಈ ವಾರವೇ ವೈದ್ಯರನ್ನು ಕಾಣುತ್ತೇನೆ. ತಂದೆಯನ್ನು ವಿಚಾರಿಸಿದೆ. ಅವರ ಅಂಗೈಯಲ್ಲಿ ಹಳದಿ ಗುಳ್ಳೆಗಳು ಎದ್ದು ಕಂದಾಗಿ ಒಣಗುವುದು ನಿಜ, ಮತ್ತು ಅವರು ಬಹಳ ವರ್ಷಗಳಿಂದ ಸಿಗರೇಟು ಸೇದುತ್ತಾರೆ. ಅವರನ್ನೂ ಚರ್ಮರೋಗ ತಜ್ಞರಿಗೆ ತೋರಿಸಲು ಒಪ್ಪಿಸಿದ್ದೇನೆ.

ಇನ್ನೆರಡು ಸಂದೇಹಗಳಿವೆ. ತಂದೆಯದು ಬೇರೆ ಕಾಯಿಲೆಯೆಂದು ತೀರ್ಮಾನವಾದರೆ ಮಗುವಿನ ಶೇ 14 ಎಂಬ ಅಂದಾಜು ಕಡಿಮೆಯಾಗುತ್ತದೆಯೇ? ಒಂದೊಂದು ವಂಶವಾಹಿಯನ್ನಲ್ಲದೆ ಸಾವಿರಾರು ರೂಪಾಂತರಗಳನ್ನು ಒಟ್ಟಿಗೆ ಅಳೆದು ಅಪಾಯದ ಅಂಕವೊಂದನ್ನು ಕೊಡುವ ಪರೀಕ್ಷೆಗಳಿವೆ ಎಂದೂ ಓದಿದ್ದೇನೆ. ಅದು ಎಚ್‌ಎಲ್‌ಎ-ಸಿ ಪರೀಕ್ಷೆಗಿಂತ ಉತ್ತಮವೇ, ಅದರಿಂದ ನನಗೆ ಯಾವ ಔಷಧ ಹೊಂದುತ್ತದೆ ಎಂಬುದಾದರೂ ತಿಳಿಯಬಹುದೇ?

ತಂತು (ಉತ್ತರ)

ಶೇ 14 ಎಂಬ ಅಂದಾಜು ಮಗುವಿನ ತಂದೆತಾಯಿಯರಲ್ಲಿ ಒಬ್ಬರಿಗೆ ಕಾಯಿಲೆ ಇದೆ ಎಂಬುದನ್ನಷ್ಟೇ ಆಧರಿಸಿದ್ದು. ಇಲ್ಲಿ ಆ ಒಬ್ಬರು ನೀವು. ನಿಮ್ಮ ತಂದೆಯ ರೋಗನಿರ್ಣಯ ಬದಲಾದರೆ ಮನೆಯವರ ಮಾತುಕತೆ ಬದಲಾಗಬಹುದು, ಮಗುವಿನ ಅಂದಾಜು ಗಮನಾರ್ಹವಾಗಿ ಬದಲಾಗದು.

ನೀವು ಓದಿದ ಅಂಕವನ್ನು ಬಹುವಂಶವಾಹಿ ಅಪಾಯಾಂಕ ಎನ್ನಬಹುದು. ದೊಡ್ಡ ಗುಂಪುಗಳಲ್ಲಿ ಅಪಾಯ ಹೆಚ್ಚಿರುವವರನ್ನೂ ಕಡಿಮೆಯಿರುವವರನ್ನೂ ಸರಾಸರಿಯಾಗಿ ಬೇರ್ಪಡಿಸಲು ಅದು ಎಚ್‌ಎಲ್‌ಎ-ಸಿ ಒಂದಕ್ಕಿಂತ ಮೇಲು, ಸಂಶೋಧನೆಯಲ್ಲಿ ಅದಕ್ಕೆ ಉಪಯೋಗವಿದೆ. ಒಬ್ಬ ವ್ಯಕ್ತಿಯ ಪಾಲಿಗೆ ಬಂದಾಗ ಅದರ ಮಿತಿ ಎದುರಾಗುತ್ತದೆ. ಹೆಚ್ಚಿನ ಅಂಕ ಪಡೆದವರಲ್ಲೂ ಬಹುಪಾಲು ಜನರಿಗೆ ಕಾಯಿಲೆ ಬರುವುದಿಲ್ಲ. ಮೇಲಾಗಿ ಈ ಅಂಕಗಳನ್ನು ಕಟ್ಟಿರುವುದು ಹೆಚ್ಚಾಗಿ ಯುರೋಪ್ ಮೂಲದ ಜನರ ಮಾಹಿತಿಯಿಂದ. ರೂಪಾಂತರಗಳ ಪ್ರಮಾಣವೂ, ಅವು ಪರಸ್ಪರ ಜೊತೆಗೂಡಿ ಸಾಗುವ ಬಗೆಯೂ ಜನಸಮುದಾಯದಿಂದ ಜನಸಮುದಾಯಕ್ಕೆ ಬೇರೆಯಾಗಿರುವುದರಿಂದ, ಒಂದು ಕಡೆ ಕಟ್ಟಿದ ಅಂಕ ಬೇರೆ ಮೂಲದವರಲ್ಲಿ ಅಷ್ಟೇ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಇನ್ನೂ ಹುಟ್ಟದ ಮಗುವಿಗೆ ನಿಮ್ಮ ಅಂಕವನ್ನು ಹೊರಿಸುವುದಂತೂ ಇನ್ನಷ್ಟು ದುರ್ಬಲ, ಏಕೆಂದರೆ ನಿಮ್ಮ ರೂಪಾಂತರಗಳಲ್ಲಿ ಅರ್ಧ ಮಾತ್ರ ಮಗುವಿಗೆ ಹೋಗುತ್ತವೆ, ಯಾವ ಅರ್ಧ ಎಂಬುದು ಆಕಸ್ಮಿಕ.

ಔಷಧದ ಪ್ರಶ್ನೆ ಇದಕ್ಕಿಂತ ಫಲವತ್ತಾದದ್ದು. ನನ್ನ ಅಭಿಪ್ರಾಯದಲ್ಲಿ ಸೋರಿಯಾಸಿಸ್‌ನ ವಂಶವಾಹಿ ಸಂಶೋಧನೆ ಈವರೆಗೆ ಬೆಲೆ ತಂದುಕೊಟ್ಟಿರುವುದು ಭವಿಷ್ಯ ಹೇಳುವುದರಲ್ಲಿ ಅಲ್ಲ, ಕಾಯಿಲೆ ನಡೆಯುವ ದಾರಿಯನ್ನು ತೋರಿಸುವುದರಲ್ಲಿ. 2007ರಲ್ಲಿ ಐಎಲ್12ಬಿ ಮತ್ತು ಐಎಲ್23ಆರ್ ಎಂಬ ಎರಡು ವಂಶವಾಹಿಗಳ ನಂಟು ಪತ್ತೆಯಾಯಿತು. ಮೊದಲನೆಯದು ಇಂಟರ್‌ಲ್ಯೂಕಿನ್-12 ಮತ್ತು 23 ಎರಡರಲ್ಲೂ ಇರುವ ಒಂದು ಘಟಕವನ್ನು ತಯಾರಿಸುತ್ತದೆ, ಎರಡನೆಯದು 23ರ ಗ್ರಾಹಕದ ಭಾಗವನ್ನು. ಆ ಸಾಮಾನ್ಯ ಘಟಕವನ್ನೇ ತಡೆಯುವ ಉಸ್ಟೆಕಿನುಮ್ಯಾಬ್ 2009ರಲ್ಲಿ ಬಳಕೆಗೆ ಬಂತು. ವಂಶವಾಹಿ ಸಿಕ್ಕಿದ್ದರಿಂದ ಔಷಧ ಹುಟ್ಟಿತೆಂದು ಕೆಲವರು ಉತ್ಸಾಹದಿಂದ ಬರೆಯುತ್ತಾರೆ. ಅದರ ಪ್ರಯೋಗಗಳು ಆಗಲೇ ನಡೆಯುತ್ತಿದ್ದವು. ಗುರಿ ಸರಿಯಾಗಿದೆಯೆಂದು ವಂಶವಾಹಿ ದೃಢಪಡಿಸಿತು ಎನ್ನುವುದೇ ನ್ಯಾಯ. ಟಿವೈಕೆ2 ಎಂಬ ವಂಶವಾಹಿಯ ಕಥೆ ಇನ್ನೂ ಸ್ವಾರಸ್ಯಕರ. ಅದರ ಕೆಲಸವನ್ನು ಕುಗ್ಗಿಸುವ ಒಂದು ರೂಪಾಂತರ ಸೋರಿಯಾಸಿಸ್ ಸೇರಿದಂತೆ ಹಲವು ಸ್ವಯಂನಿರೋಧಕ ಕಾಯಿಲೆಗಳಿಂದ ರಕ್ಷಣೆ ಕೊಡುತ್ತದೆ, ಆದರೆ ಅದರ ಎರಡು ಪ್ರತಿಗಳನ್ನು ಹೊಂದಿದವರಲ್ಲಿ ಕ್ಷಯರೋಗದ ಅಪಾಯವನ್ನು ಹೆಚ್ಚಿಸುತ್ತದೆ. ಅದೇ ಪ್ರೋಟೀನನ್ನು ತಡೆಯುವ ಡ್ಯೂಕ್ರಾವಸಿಟಿನಿಬ್ ಮಾತ್ರೆಗೆ 2022ರಲ್ಲಿ ಅನುಮೋದನೆ ಸಿಕ್ಕಿತು.

ನಿಮಗೆ ಯಾವುದು ಹೊಂದುತ್ತದೆ ಎಂಬ ಬಗ್ಗೆ: 06:02 ರೂಪ ಇರುವವರಿಗೆ ಉಸ್ಟೆಕಿನುಮ್ಯಾಬ್ ಸ್ವಲ್ಪ ಚೆನ್ನಾಗಿ ಕೆಲಸ ಮಾಡುತ್ತದೆಂದು ಹಲವು ಅಧ್ಯಯನಗಳು ಹೇಳುತ್ತವೆ, ಆ ರೂಪ ಇಲ್ಲದವರಿಗೆ ಅಡಲಿಮುಮ್ಯಾಬ್ ಹೆಚ್ಚು ಹೊಂದುತ್ತದೆಂದು 2019ರ ಒಂದು ಬ್ರಿಟಿಷ್ ಅಧ್ಯಯನ ಹೇಳಿತು. ಸರಾಸರಿಯಲ್ಲಿ ಕಾಣುವ ಈ ಅಂತರ ಒಬ್ಬ ರೋಗಿಯ ಔಷಧವನ್ನು ನಿರ್ಧರಿಸುವಷ್ಟು ದೊಡ್ಡದೇ ಎಂಬುದನ್ನು ಒಳಪದರ ಅವರು ಹೇಳಬೇಕು.

ಒಳಪದರ (ಉತ್ತರ)

ದೈನಂದಿನ ಚಿಕಿತ್ಸೆಯಲ್ಲಿ ಇನ್ನೂ ಅಷ್ಟು ದೊಡ್ಡದಲ್ಲ. ಕೀಲುಗಳ ಸ್ಥಿತಿ, ಹಿಂದೆ ಬಂದ ಸೋಂಕುಗಳು, ತೂಕ, ಯಕೃತ್ತಿನ ಆರೋಗ್ಯ, ಔಷಧದ ಲಭ್ಯತೆ ಇವೇ ಮೊದಲು ನಿರ್ಧರಿಸುತ್ತವೆ. ನಿಮ್ಮ ವಿಷಯದಲ್ಲಿ ಗರ್ಭಧಾರಣೆಯ ಯೋಜನೆ ಇವೆಲ್ಲಕ್ಕಿಂತ ಮುಂದೆ ಬರುತ್ತದೆ.

ವೈದ್ಯರ ಬಳಿ ಹೋದಾಗ ಮೆಥೊಟ್ರೆಕ್ಸೇಟ್‌ಗೆ ಬದಲಾಗಿ ಏನು ಎಂಬುದನ್ನು ಬಿಡಿಸಿ ಕೇಳಿ. ಕಲೆಗಳು ಕಡಿಮೆಯಿದ್ದರೆ ಹಚ್ಚುವ ಮುಲಾಮುಗಳಷ್ಟೇ ಸಾಕಾಗಬಹುದು. ಸಾಲದಿದ್ದರೆ ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆಯನ್ನು ಗರ್ಭಾವಸ್ಥೆಯಲ್ಲೂ ಕೊಡಬಹುದು, ಆದರೆ ಅದು ರಕ್ತದಲ್ಲಿನ ಫೋಲೇಟ್ ಪ್ರಮಾಣವನ್ನು ತಗ್ಗಿಸಬಲ್ಲದಾದ್ದರಿಂದ ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪಿಸಬಾರದು. ಚುಚ್ಚುಮದ್ದೇ ಬೇಕಾದರೆ, ಮಾಸುವನ್ನು ದಾಟಿ ಮಗುವಿಗೆ ಹೋಗುವುದು ಅತ್ಯಲ್ಪವಾದ ಸರ್ಟೊಲಿಜುಮ್ಯಾಬ್‌ನಂಥ ಆಯ್ಕೆಗಳಿವೆ. ಸುಮಾರು ಅರ್ಧದಷ್ಟು ಗರ್ಭಿಣಿಯರಲ್ಲಿ ಸೋರಿಯಾಸಿಸ್ ತಾನಾಗಿ ತಗ್ಗುತ್ತದೆ, ಹೆರಿಗೆಯ ನಂತರದ ತಿಂಗಳುಗಳಲ್ಲಿ ಮರಳಿ ಏರುವುದೂ ಸಾಮಾನ್ಯ. ಹಾಲುಣಿಸುವ ಅವಧಿಯಲ್ಲಿ ಯಾವ ಔಷಧ ಬಳಸಬಹುದೆಂಬುದನ್ನೂ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ, ಆಗ ಹುಡುಕಲು ಬಿಡುವಿರುವುದಿಲ್ಲ.